ಇಂಜೆಕ್ಟರ್ ಬದಲಿಸುವ ಮುನ್ನ ತಂತಿ ನೋಡಿ

ಪಂಪ್‌ಸೆಟ್ ನಿಂತುಹೋದರೆ ನೀವು ಮೊದಲು ನೋಡುವುದು ಕರೆಂಟು, ಫ್ಯೂಸು, ಸ್ಟಾರ್ಟರು. ಇವೆಲ್ಲ ಸರಿಯಿದ್ದರೆ ಮಾತ್ರ ಮೋಟಾರನ್ನು ರಿವೈಂಡಿಂಗ್‌ಗೆ ಒಯ್ಯುತ್ತೀರಿ. ಮಂಡಿಗೆ ತರಕಾರಿ ಸಾಗಿಸುವ ನಿಮ್ಮ ಪೆಟ್ರೋಲ್ ವ್ಯಾನು ಅಥವಾ ಕಾರಿನ ವಿಷಯದಲ್ಲೂ ಇದೇ ಕ್ರಮ ಒಳ್ಳೆಯದು. ಎಂಜಿನ್ ಮಿಸ್ಸಿಂಗ್ ಆದ ಕೂಡಲೇ ಸಾವಿರಾರು ರೂಪಾಯಿ ಕೊಟ್ಟು ಹೊಸ ಇಂಜೆಕ್ಟರ್ ಹಾಕಿಸಿದರೂ ದೋಷ ಹಾಗೆಯೇ ಉಳಿಯುವುದುಂಟು. ನಿಜವಾದ ಕಾರಣ ಇಲಿ ಕಡಿದ ಒಂದು ತಂತಿಯಾಗಿರಬಹುದು.

ಇಂಜೆಕ್ಟರ್ ಕೆಲಸ ಮಾಡುವ ಬಗೆ

ಕಾರ್ಬ್ಯುರೇಟರ್ ಇಲ್ಲದ ಈ ಎಂಜಿನ್ನುಗಳಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇರುತ್ತದೆ. ಅದರೊಳಗೆ ತಂತಿಯ ಸುರುಳಿ, ಅಂದರೆ ಕಾಯಿಲ್, ಮತ್ತು ಸಣ್ಣ ವಾಲ್ವು ಇವೆ. ಕಾಯಿಲ್‌ನ ಒಂದು ತುದಿಗೆ ಫ್ಯೂಸು, ರಿಲೇಗಳ ಮೂಲಕ ಬ್ಯಾಟರಿಯ 12 ವೋಲ್ಟ್ ಬರುತ್ತದೆ. ಇನ್ನೊಂದು ತುದಿಯನ್ನು ಗಾಡಿಯ ಕಂಪ್ಯೂಟರ್ ಕ್ಷಣಮಾತ್ರ ಅರ್ಥ್ ಮಾಡುತ್ತದೆ. ಆಗ ವಾಲ್ವು ತೆರೆದು ಪೆಟ್ರೋಲ್ ಸಿಂಪಡಣೆಯಾಗುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಸರದಿಯಂತೆ ಸಿಂಪಡಿಸುವ ವ್ಯವಸ್ಥೆಯಲ್ಲಿ ಒಂದೊಂದು ಇಂಜೆಕ್ಟರೂ ಸೆಕೆಂಡಿಗೆ 25 ಬಾರಿ ತೆರೆಯುತ್ತದೆ. ತಂತಿಯಲ್ಲಿ ಸ್ವಲ್ಪ ತೊಡಕಾದರೂ ಆ ಸಿಲಿಂಡರ್ ಸುಮ್ಮನಾಗುತ್ತದೆ.

ದೋಷದ ಲಕ್ಷಣಗಳು

ಗಾಡಿ ನಿಂತಲ್ಲೇ ನಡುಗುವುದು, ಪಿಕಪ್ ಇಲ್ಲದಿರುವುದು, ಚೆಕ್ ಎಂಜಿನ್ ದೀಪ ಉರಿಯುವುದು ಮುಖ್ಯ ಲಕ್ಷಣಗಳು. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದಾಗ ಪಿ0201ರಿಂದ ಪಿ0204ರವರೆಗಿನ ಸಂಕೇತ ಬಂದರೆ 1ರಿಂದ 4ನೇ ಸಿಲಿಂಡರಿನ ಇಂಜೆಕ್ಟರ್ ಸರ್ಕ್ಯೂಟ್‌ನಲ್ಲಿ ದೋಷ ಎಂದರ್ಥ. 'ಸರ್ಕ್ಯೂಟ್' ಎಂಬ ಮಾತನ್ನು ಗಮನಿಸಿ. ಇಂಜೆಕ್ಟರೇ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಪಿ0301ರಿಂದ ಪಿ0304 ಬಂದರೆ ಆಯಾ ಸಿಲಿಂಡರಿನಲ್ಲಿ ಮಿಸ್ಸಿಂಗ್ ಇದೆ ಎಂದಷ್ಟೇ ಅರ್ಥ. ಆಗ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್‌ಗಳನ್ನು ಮೊದಲು ನೋಡಿಸಿ.

ಪರೀಕ್ಷೆಯ ಕ್ರಮ

ಪೆಟ್ರೋಲ್ ಸೋರುವ ವಾಸನೆ ಇದ್ದರೆ ಸ್ಟಾರ್ಟ್ ಮಾಡಲೇಬೇಡಿ. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ. ಹತ್ತಿರ ಬೀಡಿ, ಬೆಂಕಿ ಇರಕೂಡದು.

1. ಮೊದಲು ಕಣ್ಣಿನ ಪರೀಕ್ಷೆ. ಇಲಿ ಕಡಿದ ಗುರುತು, ಬಿಸಿಗೆ ಸುಲಿದ ತಂತಿ, ಹಸಿರು ಕಿಲುಬು ಹಿಡಿದ ಪಿನ್ನು, ಸಡಿಲವಾದ ಕನೆಕ್ಟರ್ ಇವೆಯೇ ನೋಡಿ. ಎಂಜಿನ್ ಓಡುವಾಗ ತಂತಿಯನ್ನು ಮೆಲ್ಲಗೆ ಅಲುಗಾಡಿಸಿದರೆ ಮಿಸ್ಸಿಂಗ್ ಹೋಗಿ ಬರುತ್ತದೆಯೇ? ಹಾಗಿದ್ದರೆ ದೋಷ ಅಲ್ಲೇ ಇದೆ. ಬೆಲ್ಟು, ಫ್ಯಾನುಗಳಿಗೆ ಟವೆಲ್, ತೋಳು ಸಿಗದಂತೆ ಎಚ್ಚರವಿರಲಿ.

2. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೆ ತಾಗಿಸಿ, ಹಿಡಿಗೆ ಕಿವಿ ಕೊಡಿ. ಟಿಕ್‌ಟಿಕ್ ಸದ್ದು ಎಲ್ಲದರಲ್ಲೂ ಒಂದೇ ಸಮನಾಗಿರಬೇಕು. ಸದ್ದಿಲ್ಲದ್ದೇ ಅನುಮಾನದ ಜಾಗ.

3. ಕೀ ಆಫ್ ಮಾಡಿ, ಕನೆಕ್ಟರ್ ಬಿಚ್ಚಿ, ಇಂಜೆಕ್ಟರಿನ ಎರಡು ಪಿನ್ನುಗಳ ನಡುವೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಇಂತಹ ಬಹುಪಾಲು ಇಂಜೆಕ್ಟರುಗಳಲ್ಲಿ 11ರಿಂದ 16 ಓಮ್ ಇರುತ್ತದೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದರಲ್ಲಿ ಏನೂ ತೋರದಿದ್ದರೆ ಕಾಯಿಲ್ ತುಂಡಾಗಿದೆ. ಸೊನ್ನೆಯ ಹತ್ತಿರ ತೋರಿದರೆ ಶಾರ್ಟ್ ಆಗಿದೆ. ಈ ಎರಡು ಸಂದರ್ಭಗಳಲ್ಲಿ ಇಂಜೆಕ್ಟರ್ ಬದಲಿಸಲೇಬೇಕು.

4. ಕೀ ಆನ್ ಮಾಡಿ, ತಂತಿಯ ಕಡೆಯ ಕನೆಕ್ಟರಿನಲ್ಲಿ ವೋಲ್ಟ್ ನೋಡಿ. ಒಂದು ಪಿನ್ನಿನಲ್ಲಿ ಸುಮಾರು 12 ವೋಲ್ಟ್ ಬರಬೇಕು. ಕೆಲವು ಗಾಡಿಗಳಲ್ಲಿ ಸ್ಟಾರ್ಟ್ ಹೊಡೆಯುವಾಗ ಮಾತ್ರ ಬರುತ್ತದೆ. ಯಾವುದರಲ್ಲೂ ಬಾರದಿದ್ದರೆ ಫ್ಯೂಸು, ರಿಲೇ ನೋಡಿ. ಒಂದರಲ್ಲಿ ಮಾತ್ರ ಇಲ್ಲದಿದ್ದರೆ ಆ ತಂತಿ ಕಡಿದಿದೆ. ಮೀಟರಿನ ಮೊನೆಯನ್ನು ಪಿನ್ನಿನೊಳಗೆ ತುರುಕಬೇಡಿ. ಪಿನ್ನು ಅಗಲವಾದರೆ ಹೊಸ ದೋಷ ಹುಟ್ಟುತ್ತದೆ.

5. ಕರೆಂಟ್ ಇದ್ದೂ ಸದ್ದಿಲ್ಲದಿದ್ದರೆ, ಇದಕ್ಕೆಂದೇ ಸಿಗುವ ಪುಟ್ಟ ಪರೀಕ್ಷಾ ದೀಪವನ್ನು ಕನೆಕ್ಟರಿಗೆ ಸಿಕ್ಕಿಸಿ ಸ್ಟಾರ್ಟ್ ಹೊಡೆಯಿರಿ. ದೀಪ ಮಿನುಗಬೇಕು. ಮಿನುಗದಿದ್ದರೆ ಕಂಪ್ಯೂಟರಿನಿಂದ ಬರುವ ತಂತಿಯನ್ನು ಮೊದಲು, ಕಂಪ್ಯೂಟರನ್ನು ಕೊನೆಗೆ ಅನುಮಾನಿಸಿ.

ದುರಸ್ತಿ

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕೆಟ್ಟ ಭಾಗವನ್ನು ಕತ್ತರಿಸಿ, ಅಷ್ಟೇ ದಪ್ಪದ ತಂತಿ ಸೇರಿಸಿ ಬೆಸುಗೆ ಹಾಕಿಸಿ. ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹೊದಿಸಿ, ಸೈಲೆನ್ಸರಿನ ಬಿಸಿ ತಾಗದಂತೆ ಕಟ್ಟಿ. ಬರೇ ಹೊಸೆದು ಟೇಪ್ ಸುತ್ತಿದರೆ ಮಳೆಗಾಲ ದಾಟುವುದಿಲ್ಲ. ವಾರಂಟಿ ಇರುವ ಗಾಡಿಯ ತಂತಿಗೆ ಕೈಹಾಕದೆ ಅಧಿಕೃತ ಸರ್ವಿಸಿಗೆ ಒಯ್ಯಿರಿ.

ಮಾಡಬಾರದ್ದು

ಇಂಜೆಕ್ಟರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ಹಿಡಿಯಬೇಡಿ, ಕಾಯಿಲ್ ಸುಡುತ್ತದೆ. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ, ಕಂಪ್ಯೂಟರುಗಳ ಸಂಪರ್ಕ ತಪ್ಪಿಸದಿರಬೇಡಿ. ಚೆಕ್ ಎಂಜಿನ್ ದೀಪ ಮಿಟುಕುತ್ತಿದ್ದರೆ ಲೋಡು ಎಳೆಯಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರಿನ ಕನ್ವರ್ಟರಿಗೆ ಹೋಗಿ ಅದು ಕೆಂಡದಂತೆ ಕಾಯುತ್ತದೆ. ಅಂತಹ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿಯ ಅಪಾಯವೂ ಇದೆ.

ಇಲ್ಲಿ ಹೇಳಿದ ಪರೀಕ್ಷೆಗಳು ಡೀಸೆಲ್ ಕಾಮನ್ ರೈಲ್ ಗಾಡಿಗಳಿಗೆ ಸಲ್ಲವು. ಅವುಗಳಲ್ಲಿ ಇಂಧನದ ಒತ್ತಡ 1000 ಬಾರ್ ಮೀರುತ್ತದೆ, ಸೋರಿದ ಎಳೆ ಚರ್ಮವನ್ನೇ ತೂರಬಲ್ಲದು. ತರಬೇತಿ ಪಡೆದವರಿಗೇ ಬಿಡಿ.

ಹುಲ್ಲಿನ ಬಣವೆ, ಕಾಳಿನ ಚೀಲಗಳ ಪಕ್ಕ ಗಾಡಿ ನಿಲ್ಲಿಸಬೇಡಿ. ವಾರಕ್ಕೊಮ್ಮೆ ಎಂಜಿನ್ ಮೇಲೆ ಕಣ್ಣಾಡಿಸಿ. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆ ನಿಮಗೆ ಗೊತ್ತು. ಇಲಿಯನ್ನೇ ಮೊದಲು ಹುಡುಕಿದರೆ ಬೆಟ್ಟ ಅಗೆಯುವ ಖರ್ಚು ಉಳಿಯುತ್ತದೆ.