ನಾಲ್ಕು ಗಂಟೆಯ ಮಳೆ

ಮಲೆನಾಡಿನ ಮಳೆಗೂ ಬೆಂಗಳೂರಿನ ಮಳೆಗೂ ಇರುವ ಭೇದ ಕೇವಲ ಪ್ರಮಾಣದ್ದಲ್ಲ, ಸ್ವಭಾವದ್ದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಮುಂಚಿತವಾಗಿ ಹೇಳಿಕಳುಹಿಸಿ ಬರುವ ನೆಂಟ. ಅವನು ಬರುವಷ್ಟರಲ್ಲಿ ಸೌದೆ ಕೊಟ್ಟಿಗೆ ಸೇರಿರುತ್ತದೆ; ಹಪ್ಪಳ ಸಂಡಿಗೆಗಳು ಡಬ್ಬ ತುಂಬಿರುತ್ತವೆ. ತುಳುನಾಡಿನಲ್ಲಂತೂ ಆಟಿ ತಿಂಗಳೆಂದರೆ ಚೆನ್ನೆಮಣೆ ಹೊರಬರುವ ಕಾಲ. ಉಳಿದ ದಿನಗಳಲ್ಲಿ ಅದನ್ನು ಆಡಬಾರದೆಂಬ ಕಟ್ಟಳೆಯೇ ಉಂಟು. ಅಲ್ಲಿ ಮಳೆಗಾಲವೆಂಬುದು ಮನೆಯೊಳಗೆ ಬದುಕುವ ಒಂದು ಋತು.

ಬೆಂಗಳೂರಿನ ಮಳೆ ಹಾಗಲ್ಲ. ಮುಂಗಾರು ತನ್ನ ಬಲವನ್ನೆಲ್ಲ ಘಟ್ಟದ ಮೇಲೆ ಚೆಲ್ಲಿ, ಬರಿಗೈಯಾಗಿ ಈ ಕಡೆಗೆ ಬರುತ್ತದೆ. ನಮ್ಮ ಪಾಲಿಗೆ ದಕ್ಕುವುದು ವರ್ಷದಲ್ಲಿ ಸುಮಾರು 1,000 ಮಿಲಿಮೀಟರು. ಅದರಲ್ಲಿಯೂ ದೊಡ್ಡ ಪಾಲು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳದು. ಬೆಳಿಗ್ಗೆ ಸ್ವಚ್ಛವಾದ ಬಿಸಿಲು; ಮಧ್ಯಾಹ್ನದವರೆಗೆ ಕಾದ ನೆಲದಿಂದ ಏರಿದ ಹಬೆ ಮೋಡವಾಗಿ ಒಟ್ಟಿಕೊಂಡು, ನಾಲ್ಕು ಗಂಟೆಯ ಹೊತ್ತಿಗೆ ಗುಡುಗಿನೊಡನೆ ಕುಸಿಯುತ್ತದೆ. ಆಗ ನಾವು ಮನೆಯಲ್ಲಿರುವುದಿಲ್ಲ, ಬೀದಿಯಲ್ಲಿರುತ್ತೇವೆ. ಕೊಡೆ ಮಾತ್ರ ಮನೆಯಲ್ಲಿರುತ್ತದೆ. ಆದುದರಿಂದ ಮಳೆಯ ದಿನ ಬೆಂಗಳೂರಿಗನು ಹೊತ್ತು ಕಳೆಯುವ ಬಗೆಯನ್ನು ಕುರಿತು ಬರೆಯುವವನು ಮೊದಲು ಕೇಳಬೇಕಾದ ಪ್ರಶ್ನೆ, ಏನು ಮಾಡಬೇಕೆಂಬುದಲ್ಲ, ಯಾರ ಸೂರಿನ ಕೆಳಗೆ ನಿಲ್ಲಬೇಕೆಂಬುದು.

ಹೋಟೆಲಿಲ್ಲವೆ ಎನ್ನುವಿರಿ. ಉಂಟು. ಆದರೆ ದರ್ಶಿನಿಗಳಲ್ಲಿ ಕುರ್ಚಿಗಳಿಲ್ಲ. ಒಂದು ಲೋಟ ಕಾಫಿಯನ್ನು ಹಿಡಿದು ಅರ್ಧ ಗಂಟೆ ನಿಲ್ಲುವುದಕ್ಕೆ ವಿಶೇಷ ಧೈರ್ಯ ಬೇಕು. ಗಾಂಧಿಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದಲ್ಲಿ ಕುರ್ಚಿಗಳಿವೆ. ಆದರೆ ನಿಮ್ಮ ಕುರ್ಚಿಯ ಹಿಂದೆಯೇ ಮುಂದಿನವರು ನಿಂತು, ನಿಮ್ಮ ದೋಸೆಯ ಕೊನೆಯ ತುಣುಕನ್ನು ನಿಮಗಿಂತ ಹೆಚ್ಚು ಶ್ರದ್ಧೆಯಿಂದ ನೋಡುತ್ತಿರುತ್ತಾರೆ. ಇನ್ನು ಮಾಲುಗಳು. ಅವುಗಳ ಸೂರು ದೊಡ್ಡದು, ನೆಲ ನುಣುಪು. ಒದ್ದೆ ಚಪ್ಪಲಿಯಲ್ಲಿ ಒಳಹೊಕ್ಕ ಮೇಷ್ಟರೊಬ್ಬರು ಏನನ್ನೂ ಕೊಳ್ಳದೆ ಅಲ್ಲಿ ಒಂದು ಗಂಟೆ ಕಳೆದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಅವರಿಗೇ ಅಪರಾಧ ಮಾಡಿದಂತೆ ಅನಿಸತೊಡಗುತ್ತದೆ. ಇದು ಸ್ವಾನುಭವ.

ಕೆಲವು ವರ್ಷಗಳ ಹಿಂದೆ, ಚಿತ್ತೆಯ ಮಳೆ ನನ್ನನ್ನು ಕಸ್ತೂರಬಾ ರಸ್ತೆಯಲ್ಲಿ ಹಿಡಿಯಿತು. ಎದುರಿಗೆ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯ. ಆ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ನಿಂತವನು ನಾನು. ಒಳಗೆ ಹೋದದ್ದು ಒಮ್ಮೆ, ಹುಡುಗರನ್ನು ಸಾಲಾಗಿ ಕರೆದುಕೊಂಡು. ಸಾಲು ಕೆಡದಂತೆ ನೋಡಿಕೊಳ್ಳುವುದರಲ್ಲಿ ಬೇರೇನನ್ನೂ ನೋಡಿರಲಿಲ್ಲ. ಆ ದಿನ ಮಳೆ ನನ್ನನ್ನು ಒಳಗೆ ನೂಕಿತು. ಆತಕೂರಿನ ಶಾಸನದ ಮುಂದೆ ನಿಲ್ಲಿಸಿತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಆತಕೂರು ಅಪರಿಚಿತವಲ್ಲ. ಆದರೆ ಪಠ್ಯದಲ್ಲಿ ಓದುವುದು ಬೇರೆ, ಹೊರಗೆ ಗುಡುಗುತ್ತಿರುವಾಗ ಕಲ್ಲಿನ ಮುಂದೆ ನಿಲ್ಲುವುದು ಬೇರೆ. ಶಕ ವರ್ಷ 872, ಎಂದರೆ ಕ್ರಿ.ಶ. 949-50ರ ಶಾಸನ ಅದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಆಳು ಮಣಲೆರನೂ ಆ ಯುದ್ಧದಲ್ಲಿ ಪರಾಕ್ರಮ ತೋರಿದ. ಒಡೆಯ ಮೆಚ್ಚಿ, ಬೇಕಾದುದನ್ನು ಬೇಡೆಂದ. ಮಣಲೆರ ಊರು ಬೇಡಲಿಲ್ಲ, ಹೊನ್ನು ಬೇಡಲಿಲ್ಲ; ಕಾಳಿ ಎಂಬ ನಾಯಿಯನ್ನು ಬೇಡಿದ. ಆಮೇಲೆ ಬೆಳತೂರಿನ ಬೆಟ್ಟದಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ, ಎರಡೂ ಸತ್ತವು. ಕಾಳಿಗಾಗಿ ಆತಕೂರಿನ ದೇಗುಲದ ಮುಂದೆ ಕಲ್ಲು ನೆಡಿಸಿದರು. ಅದರ ಪೂಜೆಗೆಂದು ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಪೂಜಾರಿಗೆ ನಾಯಿಯ ಪಾಪ ತಗಲುವುದೆಂದು ಬರೆಸಿದರು.

ಚಕ್ರವರ್ತಿಗಳ ಯುದ್ಧವನ್ನು ಹೇಳುವ ಕಲ್ಲಿನ ಮೇಲೆ ಬಿಡಿಸಿರುವ ಚಿತ್ರ ಯಾವ ಚಕ್ರವರ್ತಿಯದೂ ಅಲ್ಲ. ಹಂದಿಯ ಮೇಲೆರಗಿದ ನಾಯಿಯದು. ನಾನು ತರಗತಿಯಲ್ಲಿ ಈ ಶಾಸನವನ್ನು ಎಷ್ಟೋ ಸಲ ವಿವರಿಸಿದ್ದೆ. ವ್ಯಾಕರಣ ಹೇಳಿದ್ದೆ, ರಾಜಕೀಯ ಹೇಳಿದ್ದೆ. ಆ ನಾಯಿಯ ಬೆನ್ನಿನ ಬಾಗನ್ನು ನೋಡಿರಲೇ ಇಲ್ಲ. ಪಕ್ಕದಲ್ಲಿ ನನ್ನಂತೆಯೇ ನೆನೆದು ನಿಂತಿದ್ದ ದಂಪತಿಗಳಿಗೆ ಕಥೆ ಹೇಳಿದೆ. ಆಕೆ, “ಪಾಪ, ಆ ಯಜಮಾನ ಅದನ್ನು ಬಿಡಬಾರದಾಗಿತ್ತು” ಎಂದರು. ಸಾವಿರ ವರ್ಷದ ಮೇಲೆ ಮಣಲೆರನ ಬಗೆಗೆ ನಾನು ಕೇಳಿದ ಮೊದಲ ವಿಮರ್ಶೆ ಅದು. ನನಗೆ ಅದು ಸರಿಯೆಂದೇ ಕಂಡಿತು.

ಈ ಸಂಗ್ರಹಾಲಯ ಹುಟ್ಟಿದ್ದು 1865ರಲ್ಲಿ. ಈಗಿನ ಕಟ್ಟಡ ಅದಕ್ಕೆ ಹತ್ತು ಹನ್ನೆರಡು ವರ್ಷ ಕಿರಿಯದು. ಹಳೆಯ ಕಟ್ಟಡವಾದುದರಿಂದ ದುರಸ್ತಿಗೆಂದು ಬಾಗಿಲು ಮುಚ್ಚುವುದೂ ಉಂಟು. ಹೊರಡುವ ಮುಂಚೆ ವಿಚಾರಿಸಿಕೊಳ್ಳುವುದು ಲೇಸು. ಮಳೆ ಮಾತ್ರ ಅಷ್ಟು ಮುಂಚಿತವಾಗಿ ತಿಳಿಸುವುದಿಲ್ಲ, ಅದು ಬೇರೆ ಮಾತು.

ಪಕ್ಕದಲ್ಲಿಯೇ ವೆಂಕಟಪ್ಪ ಚಿತ್ರಶಾಲೆ. ಮೈಸೂರಿನ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಮಧ್ಯೆ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತು, 1965ರಲ್ಲಿ ತೀರಿಕೊಂಡ ಈ ವಿರಕ್ತ ಕಲಾವಿದರು ಊಟಿಯ ಮಂಜನ್ನೂ ಮೋಡವನ್ನೂ ಜಲವರ್ಣದಲ್ಲಿ ಬರೆದರು. ಬಿಸಿಲಿನ ದಿನ ಆ ಚಿತ್ರಗಳು ಕೊಂಚ ಮಂಕಾಗಿ ಕಾಣಬಹುದು. ಕಿಟಕಿಯಾಚೆ ಆಕಾಶ ಕಪ್ಪಿಟ್ಟಿರುವಾಗ ನೋಡಬೇಕು. ಆಗ ಮಂಜು ಕಾಗದದ ಮೇಲಿದೆಯೋ ಕೋಣೆಯಲ್ಲಿದೆಯೋ ಎಂಬ ಸಂದೇಹ ಬರುತ್ತದೆ.

ಅದೇ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವೂ ಇದೆ. 1965ರಲ್ಲಿ ಜನರಿಗೆ ತೆರೆದ ಈ ಮನೆ ಮಕ್ಕಳದು. ಅಲ್ಲಿ ಗುಂಡಿ ಒತ್ತಬಹುದು, ಹಿಡಿಕೆ ತಿರುಗಿಸಬಹುದು. ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿಯ ಕೆಳಗೆ ನಿಂತು ಬಾಯಿ ತೆರೆಯಬಹುದು. ಪ್ರವೇಶಕ್ಕೆ ಹಣ ಕೊಡಬೇಕು, ಗದ್ದಲವನ್ನು ಸಹಿಸಬೇಕು. ಇಳಿವಯಸ್ಸಿನವರು ಮೊಮ್ಮಕ್ಕಳಿಲ್ಲದೆ ಹೋಗದಿರುವುದೇ ಮೇಲು.

ನನಗೆ ಪ್ರಿಯವಾದ ಸೂರು ಬೇರೆ. ಕಬ್ಬನ್ ಪಾರ್ಕಿನೊಳಗೆ, ಗುಲಾಬಿ ತೋಟದ ಹಿಂದೆ, 1915ರಲ್ಲಿ ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾಗಿ ಎದ್ದ ಕೆಂಪು ಮಂದಿರ. ಈಗ ಅದು ರಾಜ್ಯ ಕೇಂದ್ರ ಗ್ರಂಥಾಲಯ. 1890ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆಯ ನೀರು ಬಂದದ್ದು ಈ ದಿವಾನರ ಕಾಲದಲ್ಲಿ. ನೀರು ತರಿಸಿದವರ ಹೆಸರಿನ ಮನೆಯಲ್ಲಿ ನೀರಿನಿಂದ ತಪ್ಪಿಸಿಕೊಂಡವರು ಕುಳಿತಿರುತ್ತಾರೆ! ಕುಳಿತು ಓದುವುದಕ್ಕೆ ಹಣ ಕೊಡಬೇಕಾಗಿಲ್ಲ. ಹಾಗೆಂದು ಅದು ದಾನವೂ ಅಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಮೂಲಕ ಬಂದ ಗ್ರಂಥಾಲಯ ಕರವನ್ನು ನಾವು ಮನೆ ಕಂದಾಯದ ಜೊತೆಯಲ್ಲಿ, ರೂಪಾಯಿಗೆ ಆರು ಪೈಸೆಯಂತೆ ಕಟ್ಟುತ್ತೇವೆ. ಬಾಡಿಗೆಯ ಮನೆಯವನೂ ಬಾಡಿಗೆಯೊಳಗೆ ಅದನ್ನು ಕೊಟ್ಟಿರುತ್ತಾನೆ. ಆ ಬೆಂಚಿನಲ್ಲಿ ಆರು ಪೈಸೆಯಷ್ಟು ಭಾಗ ಪ್ರತಿಯೊಬ್ಬನದು.

ಮಳೆಯ ಮಧ್ಯಾಹ್ನ ಅಲ್ಲಿ ಯಾರು ಯಾರು! ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು ಬೆಳಗಿನಿಂದಲೇ ಬೀಡುಬಿಟ್ಟಿರುತ್ತಾರೆ; ಅವರಿಗೆ ಮಳೆ ಬಂದದ್ದೂ ತಿಳಿಯುವುದಿಲ್ಲ. ಪತ್ರಿಕೆಯ ಮೇಜಿನ ಸುತ್ತ ನಿವೃತ್ತರ ಸಭೆ. ಮಳೆಗೆಂದು ಬಂದವರ ಗುರುತು ಸುಲಭ: ಅವರು ಮೊದಲು ಗಡಿಯಾರ ನೋಡುತ್ತಾರೆ, ಆಮೇಲೆ ಕಿಟಕಿ, ಕೊನೆಗೆ ಬೇರೆ ದಾರಿಯಿಲ್ಲದೆ ಕೈಗೆ ಸಿಕ್ಕ ಪುಸ್ತಕ. ಒಬ್ಬಾತ ಮಳೆ ನಿಂತು ಬಿಸಿಲು ಬಂದ ಮೇಲೂ ಏಳದೆ ಓದುತ್ತಿದ್ದುದನ್ನು ಕಂಡಿದ್ದೇನೆ. ಯಾವ ಪುಸ್ತಕವೆಂದು ಬಗ್ಗಿ ನೋಡಿದೆ, ಜೇನು ಸಾಕಣೆಯದು.

ಸಂಜೆಯೂ ಮಳೆ ಹಿಡಿದರೆ ಬಸವನಗುಡಿಯಲ್ಲಿ ಬಿ. ಪಿ. ವಾಡಿಯಾ ಅವರು 1945ರಲ್ಲಿ ಸ್ಥಾಪಿಸಿದ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲಿ ಉಪನ್ಯಾಸವೋ ಸಂಗೀತವೋ ಇರುತ್ತದೆ. ಮಳೆಯ ದಿನ ಬಂದ ಹತ್ತು ಮಂದಿ ಶ್ರೋತೃಗಳು ಬಿಸಿಲಿನ ದಿನದ ನೂರು ಮಂದಿಗಿಂತ ಮೇಲೆಂದು ಉಪನ್ಯಾಸಕನಾಗಿ ಹೇಳಬಲ್ಲೆ, ಅವರು ಎದ್ದುಹೋಗಲಾರರು. ನಾಟಕ ಬೇಕಾದವರಿಗೆ 1963ರ ರವೀಂದ್ರ ಕಲಾಕ್ಷೇತ್ರ, 2004ರ ರಂಗಶಂಕರ. ರಂಗಶಂಕರದಲ್ಲಿ ನಾಟಕ ಮೊದಲಾದ ಬಳಿಕ ಬಂದವರಿಗೆ ಪ್ರವೇಶವಿಲ್ಲ. ಜಯನಗರದ ನೀರನ್ನು ಈಜಿ ಬಂದೆನೆಂಬ ನೆಪವೂ ನಡೆಯದು. ನಿಯಮ ಕಠಿಣ, ಒಳಗಿದ್ದವನಿಗೆ ಮಾತ್ರ ಅದರ ಸುಖ ಗೊತ್ತು.

ಮಳೆಯನ್ನು ಇಷ್ಟು ಹಗುರವಾಗಿ ಬರೆಯುವಾಗ ಕೈ ತಡೆಯುವುದುಂಟು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಬಳಿ ಮನೆಗಳಿಗೇ ನೀರು ನುಗ್ಗಿ, ಜನರನ್ನು ಟ್ರಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಹೊರತರಬೇಕಾಯಿತು. ಸೂರಿದ್ದವರ ಪಾಡು ಅದು. ಉಳಿದ ದಿನಗಳಲ್ಲಿ, ಮಳೆ ಬಂದೊಡನೆ ನಾವು ಬಜ್ಜಿ ಬೋಂಡಗಳನ್ನು ಮನೆಗೆ ತರಿಸಿಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದೇವೆ; ಅದನ್ನು ಬಿಸಿ ಆರದಂತೆ ತರುವ ಹುಡುಗರು ಮೇಲುಸೇತುವೆಯ ಕೆಳಗೆ, ಮೆಟ್ರೋ ಕಂಬಗಳ ಮರೆಯಲ್ಲಿ ಬೈಕು ನಿಲ್ಲಿಸಿಕೊಂಡು ಮಳೆಯ ಆರ್ಭಟ ತಗ್ಗುವುದನ್ನು ಕಾಯುತ್ತಿರುತ್ತಾರೆ.

ಕಳೆದ ಹಸ್ತದ ಮಳೆಯಲ್ಲಿ ಅಂತಹ ಒಬ್ಬ ಹುಡುಗ ಗ್ರಂಥಾಲಯದ ಮೆಟ್ಟಿಲ ಮೇಲೆ ನಿಂತಿದ್ದ. ಬೆನ್ನಿಗೆ ದೊಡ್ಡ ಚೌಕದ ಚೀಲ, ಮೈತುಂಬ ನೀರು. ಒಳಗಿನ ಬೆಳಕನ್ನೂ ಬೆಂಚುಗಳನ್ನೂ ನೋಡುತ್ತಿದ್ದ; ಬಾಗಿಲು ದಾಟುತ್ತಿರಲಿಲ್ಲ.

“ಒಳಗೆ ಬಾಪ್ಪ, ಕೂತ್ಕೋ” ಎಂದೆ.

“ಕಾರ್ಡು ಬೇಕಲ್ವಾ ಸಾರ್?”

“ಕೂತು ಓದೋದಕ್ಕೆ ಬೇಡ. ಯಾರು ಬೇಕಾದರೂ ಬರಬಹುದು.”

ಅವನು ನಂಬಿದಂತೆ ಕಾಣಲಿಲ್ಲ. ಹೆಲ್ಮೆಟ್ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, ಚಪ್ಪಲಿಯ ಕೆಸರನ್ನು ಮೆಟ್ಟಿಲ ಅಂಚಿಗೆ ಉಜ್ಜಿದ. ಅಷ್ಟರಲ್ಲಿ ಜೇಬಿನ ಫೋನು ಕೂಗಿತು. ಅದನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, “ಎಷ್ಟು ಗಂಟೆವರೆಗೂ ತೆಗ್ದಿರುತ್ತೆ ಸಾರ್?” ಎಂದು ಕೇಳಿದ. ಹೇಳಿದೆ. ಹೆಲ್ಮೆಟ್ ಹಾಕಿಕೊಂಡು ಮೆಟ್ಟಿಲಿಳಿದ. ಮಳೆ ಇನ್ನೂ ಜೋರಾಗಿಯೇ ಇತ್ತು.