ಕ್ಲಸ್ಟರಿನಲ್ಲಿ ಯಾರಿಗೆ ಎಷ್ಟು ಅಧಿಕಾರ?

2018ರ ಫೆಬ್ರವರಿಯಲ್ಲಿ ರೆಡ್‌ಲಾಕ್ ಎಂಬ ಕಂಪ್ಯೂಟರ್ ಭದ್ರತಾ ಸಂಸ್ಥೆ ಒಂದು ವರದಿ ಹೊರತಂದಿತು. ವಿದ್ಯುತ್ ಕಾರು ತಯಾರಿಸುವ ಟೆಸ್ಲಾ ಕಂಪನಿ ಬಾಡಿಗೆಗೆ ಪಡೆದಿದ್ದ ಕ್ಲೌಡ್ ಕಂಪ್ಯೂಟರುಗಳೊಳಗೆ ಹೊರಗಿನವರು ನುಸುಳಿ ಕ್ರಿಪ್ಟೋ ನಾಣ್ಯದ ಗಣಿಗಾರಿಕೆ ನಡೆಸುತ್ತಿದ್ದರು. ಅವರು ಬಂದದ್ದು ಕುಬರ್ನೆಟೀಸ್ ಎಂಬ ವ್ಯವಸ್ಥೆಯ ನಿಯಂತ್ರಣ ಫಲಕದ ಮೂಲಕ. ಅದಕ್ಕೆ ಪಾಸ್‌ವರ್ಡೇ ಇರಲಿಲ್ಲ. ಒಳಗೆ ಓಡುತ್ತಿದ್ದ ಒಂದು ಪ್ರೋಗ್ರಾಮಿನ ವಿವರಗಳಲ್ಲಿ ಕಂಪನಿಯ ಅಮೆಜಾನ್ ಕ್ಲೌಡ್ ಖಾತೆಯ ಕೀಲಿಗಳೂ ಬಯಲಾಗಿ ಬಿದ್ದಿದ್ದವು. ಸುದ್ದಿ ಓದಿದವರ ಕಣ್ಣಿಗೆ ಮೊದಲು ಬಿದ್ದದ್ದು ಪಾಸ್‌ವರ್ಡಿನ ಕೊರತೆ. ಆದರೆ ಅಲ್ಲಿ ಬೇರೆ ಬೇರೆಯಾಗಿ ನೋಡಬೇಕಾದ ಎರಡು ತಪ್ಪುಗಳಿವೆ. ಬಾಗಿಲು ತೆರೆದಿದ್ದದ್ದು ಒಂದು. ಆ ಬಾಗಿಲಿನಿಂದ ಬಂದವರಿಗೆ ತಮ್ಮದೇ ಪ್ರೋಗ್ರಾಮು ಓಡಿಸುವ, ಕೀಲಿಗಳನ್ನು ಓದುವ ಶಕ್ತಿ ಸಿಕ್ಕಿದ್ದು ಇನ್ನೊಂದು. ಮೊದಲನೆಯದನ್ನು ಪೂರ್ತಿ ತಡೆಯುತ್ತೇವೆಂದು ಯಾರೂ ಮಾತು ಕೊಡಲಾರರು. ಎರಡನೆಯದನ್ನು ಹತೋಟಿಯಲ್ಲಿಡುವುದು ನಮ್ಮ ಕೈಯಲ್ಲೇ ಇದೆ. ಅನುಮತಿ ಕೊಡುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ‘ಇವರನ್ನು ನಂಬಬಹುದೇ’ ಎಂಬುದಕ್ಕಿಂತ ‘ಇವರ ಹೆಸರಿನಲ್ಲಿ ಏನಾದರೂ ಕೆಟ್ಟರೆ ಹಾನಿ ಎಲ್ಲಿಯವರೆಗೆ ಹಬ್ಬುತ್ತದೆ’ ಎಂಬುದು. ಈ ಲೇಖನದ ವಾದ ಇಷ್ಟೇ.

ಯಂತ್ರದ ಪರಿಚಯ ಮೊದಲು ಆಗಲಿ. ಒಂದು ಪ್ರೋಗ್ರಾಮನ್ನು, ಅದಕ್ಕೆ ಬೇಕಾದ ಎಲ್ಲ ಪೂರಕ ಫೈಲುಗಳ ಸಮೇತ ಕಟ್ಟಿಟ್ಟು, ಯಾವ ಕಂಪ್ಯೂಟರಿನಲ್ಲಾದರೂ ಒಂದೇ ರೀತಿ ಓಡುವಂತೆ ಮಾಡಿದರೆ ಅದು ಕಂಟೇನರ್. ಇಂಥ ನೂರಾರು ಕಂಟೇನರುಗಳನ್ನು ಹತ್ತಾರು ಕಂಪ್ಯೂಟರುಗಳ ಗುಂಪಿನಲ್ಲಿ, ಅಂದರೆ ಕ್ಲಸ್ಟರಿನಲ್ಲಿ, ಹಂಚಿ ಓಡಿಸುವುದು, ಸತ್ತದ್ದನ್ನು ಮತ್ತೆ ಎಬ್ಬಿಸುವುದು, ಬೇಡಿಕೆ ಏರಿದಾಗ ಹೆಚ್ಚಿಸುವುದು ಕುಬರ್ನೆಟೀಸಿನ ಕೆಲಸ. ತನ್ನೊಳಗೆ ಬೋರ್ಗ್ ಎಂಬ ವ್ಯವಸ್ಥೆಯನ್ನು ಬಹುಕಾಲ ನಡೆಸಿದ ಅನುಭವದಿಂದ ಗೂಗಲ್ ಇದನ್ನು ರೂಪಿಸಿ 2014ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಇದರ ರಚನೆಯಲ್ಲಿ ಒಂದು ವಿಶೇಷವಿದೆ. ಮನುಷ್ಯನಾಗಲಿ, ಪ್ರೋಗ್ರಾಮಾಗಲಿ, ಕ್ಲಸ್ಟರಿನದೇ ಒಂದು ಭಾಗವಾಗಲಿ, ಏನನ್ನಾದರೂ ಬದಲಿಸಬೇಕಾದರೆ ಎಪಿಐ ಸರ್ವರ್ ಎಂಬ ಒಂದೇ ಬಾಗಿಲಲ್ಲಿ ಕೋರಿಕೆ ಸಲ್ಲಿಸಬೇಕು. ಅಲ್ಲಿ ಮೂರು ತಪಾಸಣೆ ನಡೆಯುತ್ತವೆ: ನೀನು ಯಾರು, ಈ ಕೆಲಸ ಮಾಡಲು ನಿನಗೆ ಅನುಮತಿ ಇದೆಯೇ, ನೀನು ಕೇಳುತ್ತಿರುವ ವಸ್ತು ನಮ್ಮ ನಿಯಮಕ್ಕೆ ಒಪ್ಪುತ್ತದೆಯೇ. ಪಾತ್ರ ಮತ್ತು ಅನುಮತಿಗಳ ವಿಷಯ ಬರುವುದು ಎರಡನೆಯ ಹಂತದಲ್ಲಿ.

ಇದರ ಹಿಂದಿನ ವಿಚಾರ ಕುಬರ್ನೆಟೀಸಿಗಿಂತ ಬಹಳ ಹಳೆಯದು. ಯಾವ ಬಳಕೆದಾರನೇ ಇರಲಿ, ಪ್ರೋಗ್ರಾಮೇ ಇರಲಿ, ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರದಿಂದ ನಡೆಯಬೇಕು ಎಂಬ ತತ್ತ್ವವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರ ತಮ್ಮ ಪ್ರಬಂಧದಲ್ಲಿ ಸ್ಪಷ್ಟವಾಗಿ ಮಂಡಿಸಿದರು. ಅಧಿಕಾರವನ್ನು ವ್ಯಕ್ತಿಗೆ ನೇರವಾಗಿ ಕೊಡದೆ ಪಾತ್ರಕ್ಕೆ ಕೊಡಬೇಕು ಎಂಬ ಮಾದರಿಗೆ 1992ರಲ್ಲಿ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಖಚಿತ ರೂಪ ಕೊಟ್ಟರು. ಮದುವೆಮನೆಯ ಉಗ್ರಾಣದಲ್ಲಿ ಇದು ನಮಗೆ ಪರಿಚಿತವೇ: ಬೀಗದ ಕೈ ಇರುವುದು ಉಗ್ರಾಣ ನೋಡಿಕೊಳ್ಳುವ ಹೊಣೆಗೆ, ಇಂದು ಚಿಕ್ಕಪ್ಪ ಆ ಹೊಣೆ ಹೊತ್ತರೆ ನಾಳೆ ಸೋದರಮಾವ ಹೊರಬಹುದು, ಹೊಣೆಯ ವ್ಯಾಪ್ತಿ ಮಾತ್ರ ಬದಲಾಗದು. ಕುಬರ್ನೆಟೀಸಿನಲ್ಲಿ ಈ ಮಾದರಿ 2017ರ 1.8ನೇ ಆವೃತ್ತಿಯಲ್ಲಿ ಪಕ್ವವಾಯಿತು. ಇಲ್ಲಿ ರೋಲ್ ಎಂದರೆ ಒಂದು ಪಟ್ಟಿ: ಯಾವ ಬಗೆಯ ವಸ್ತುಗಳ ಮೇಲೆ ಯಾವ ಕ್ರಿಯೆ ನಡೆಸಬಹುದು, ಅಂದರೆ ಓದುವುದು, ಪಟ್ಟಿ ಮಾಡುವುದು, ಸೃಷ್ಟಿಸುವುದು, ತಿದ್ದುವುದು, ಅಳಿಸುವುದು. ರೋಲ್‌ಬೈಂಡಿಂಗ್ ಎಂಬ ಇನ್ನೊಂದು ದಾಖಲೆ ಆ ಪಟ್ಟಿಯನ್ನು ಒಬ್ಬ ವ್ಯಕ್ತಿಗೋ ಗುಂಪಿಗೋ ಪ್ರೋಗ್ರಾಮಿಗೋ ಗಂಟು ಹಾಕುತ್ತದೆ. ಕ್ಲಸ್ಟರನ್ನು ನೇಮ್‌ಸ್ಪೇಸ್ ಎಂಬ ವಿಭಾಗಗಳಾಗಿ ಒಡೆದಿರುತ್ತಾರೆ. ರೋಲ್ ಅಂಥ ಒಂದು ವಿಭಾಗಕ್ಕೆ ಸೀಮಿತ. ಇಡೀ ಕ್ಲಸ್ಟರಿಗೆ ಅನ್ವಯಿಸುವ ಪಟ್ಟಿ ಕ್ಲಸ್ಟರ್‌ರೋಲ್. ಅದನ್ನು ಎಲ್ಲೆಡೆ ಜಾರಿಗೊಳಿಸುವುದು ಕ್ಲಸ್ಟರ್‌ರೋಲ್‌ಬೈಂಡಿಂಗ್.

ಕಾಗದದ ಮೇಲೆ ಇದು ಸರಳ. ತೊಡಕು ಹುಟ್ಟುವುದು ಇದರ ಒಂದು ಮೂಲ ನಿಯಮದಿಂದ: ಇಲ್ಲಿ ಕೊಡುವುದು ಮಾತ್ರ ಇದೆ, ನಿರಾಕರಿಸುವುದಿಲ್ಲ. ‘ಇವರಿಗೆ ಇದು ಬೇಡ’ ಎಂದು ಬರೆಯುವ ದಾರಿಯೇ ಇಲ್ಲ. ಒಬ್ಬರಿಗೆ ಹತ್ತು ಕಡೆಯಿಂದ ಹತ್ತು ಪಾತ್ರಗಳು ಬಂದರೆ ಎಲ್ಲವೂ ಕೂಡಿಕೊಳ್ಳುತ್ತವೆ. ಒಂದರಲ್ಲಿ ಅವಸರಕ್ಕೆ ಧಾರಾಳ ತೋರಿದ್ದರೆ ಉಳಿದ ಒಂಬತ್ತರ ಬಿಗಿ ವ್ಯರ್ಥ. ಇನ್ನೊಂದು ಸಂಗತಿಯೂ ಇದೆ. ಮನುಷ್ಯ ಬಳಕೆದಾರರ ಪಟ್ಟಿಯನ್ನು ಕುಬರ್ನೆಟೀಸ್ ತಾನೇ ಇಟ್ಟುಕೊಳ್ಳುವುದಿಲ್ಲ. ಹೊರಗಿನ ವ್ಯವಸ್ಥೆ ಕೊಟ್ಟ ಟೋಕನ್ ಅಥವಾ ಸಹಿ ಹಾಕಿದ ಡಿಜಿಟಲ್ ಪ್ರಮಾಣಪತ್ರ ಹೇಳಿದ ಹೆಸರನ್ನೇ ಅದು ಒಪ್ಪುತ್ತದೆ. ಒಮ್ಮೆ ಕೊಟ್ಟ ಪ್ರಮಾಣಪತ್ರವನ್ನು ಅವಧಿ ಮುಗಿಯುವ ಮೊದಲು ರದ್ದುಮಾಡುವ ಸೌಲಭ್ಯ ಅದರಲ್ಲಿಲ್ಲ. ‘ಸಿಸ್ಟಮ್: ಮಾಸ್ಟರ್ಸ್’ ಎಂಬ ಗುಂಪಿನ ಹೆಸರುಳ್ಳ ಪ್ರಮಾಣಪತ್ರವಂತೂ ಪಾತ್ರಗಳ ತಪಾಸಣೆಯನ್ನೇ ದಾಟಿ ಹೋಗುತ್ತದೆ; ಬೈಂಡಿಂಗುಗಳನ್ನೆಲ್ಲ ಅಳಿಸಿದರೂ ಅದರ ಬಲ ಕುಗ್ಗದು. ಕ್ಲಸ್ಟರ್ ಕಟ್ಟುವ ಕ್ಯೂಬ್‌ಅಡ್ಮಿನ್ ಉಪಕರಣ ಮೊದಲೆಲ್ಲ ನಿರ್ವಾಹಕರ ನಿತ್ಯಬಳಕೆಯ ಫೈಲಿನಲ್ಲೇ ಈ ಪ್ರಮಾಣಪತ್ರ ಇಡುತ್ತಿತ್ತು. 1.29ನೇ ಆವೃತ್ತಿಯಿಂದ ಅದನ್ನು ತುರ್ತಿಗೆಂದು ಬೇರೆ ಫೈಲಿಗೆ ಸರಿಸಿ, ನಿತ್ಯದ ಕೆಲಸಕ್ಕೆ ಹಿಂತೆಗೆದುಕೊಳ್ಳಬಹುದಾದ ಗುಂಪನ್ನು ಕೊಟ್ಟರು. ವ್ಯವಸ್ಥೆ ಕಟ್ಟಿದವರೇ ಹಾನಿಯ ವ್ಯಾಪ್ತಿಯನ್ನು ಲೆಕ್ಕ ಹಾಕಿ ಹಿಂದೆ ಸರಿದ ಉದಾಹರಣೆ ಇದು.

ಅನುಮತಿಯ ಹೆಸರು ನೋಡಿ ಅದರ ಬಲ ಅಳೆಯಲಾಗದು ಎಂಬುದಕ್ಕೆ ಇನ್ನೂ ಗಟ್ಟಿ ಸಾಕ್ಷ್ಯವಿದೆ. ಪಾಸ್‌ವರ್ಡು, ಕೀಲಿಗಳನ್ನು ಕ್ಲಸ್ಟರಿನಲ್ಲಿ ಸೀಕ್ರೆಟ್ ಎಂಬ ವಸ್ತುವಾಗಿ ಇಡುತ್ತಾರೆ. ಅವನ್ನು ‘ಪಟ್ಟಿ ಮಾಡುವ’ ಅನುಮತಿ ಎಂದರೆ ಹೆಸರುಗಳಷ್ಟೇ ಕಾಣುತ್ತವೆ ಎಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಪಟ್ಟಿಯ ಜೊತೆ ಒಳಗಿನ ಗುಟ್ಟೂ ಬರುತ್ತದೆ. ಒಬ್ಬರಿಗೆ ಸೀಕ್ರೆಟ್ ಓದುವ ಅನುಮತಿ ಕೊಡದೆ, ಪಾಡ್ ಸೃಷ್ಟಿಸುವ ಅನುಮತಿ ಮಾತ್ರ ಕೊಟ್ಟೆವೆನ್ನೋಣ. ಪಾಡ್ ಎಂದರೆ ಕಂಟೇನರ್ ಓಡುವ ಕನಿಷ್ಠ ಘಟಕ. ಆ ನೇಮ್‌ಸ್ಪೇಸಿನ ಯಾವ ಸೀಕ್ರೆಟನ್ನಾದರೂ ಜೋಡಿಸಿಕೊಂಡ ಪಾಡ್ ಒಂದನ್ನು ಅವರು ಓಡಿಸಿ, ಅದರೊಳಗಿಂದ ಗುಟ್ಟನ್ನು ಓದಿಸಬಹುದು. ಬೇರೆ ತಡೆ ಇಲ್ಲದಿದ್ದರೆ, ಕಂಪ್ಯೂಟರಿನ ಸ್ವಂತ ಡಿಸ್ಕನ್ನೇ ಜೋಡಿಸಿಕೊಂಡು ಆ ಯಂತ್ರದ ಒಡೆತನಕ್ಕೂ ಕೈಹಾಕಬಹುದು. ಒಂದೊಂದಾಗಿ ನಿರುಪದ್ರವಿ ಎನಿಸುವ ಅನುಮತಿಗಳು ಸೇರಿದಾಗ ಹೊಸ ಶಕ್ತಿ ಹುಟ್ಟುತ್ತದೆ. ಕುಬರ್ನೆಟೀಸ್ ಕಟ್ಟಿದವರು ಇದನ್ನು ಅರಿತೇ ಎರಡು ಕಾವಲು ಇಟ್ಟಿದ್ದಾರೆ. ‘ನೋಡುವ’ ಸಿದ್ಧ ಪಾತ್ರದಿಂದ ಸೀಕ್ರೆಟುಗಳನ್ನು ಹೊರಗಿಟ್ಟಿದ್ದಾರೆ. ತನಗಿಲ್ಲದ ಅಧಿಕಾರವುಳ್ಳ ಪಾತ್ರವನ್ನು ಯಾರೂ ಬರೆಯದಂತೆ ತಡೆದಿದ್ದಾರೆ. ಹಾಗೆ ಬರೆಯಲು ಪ್ರತ್ಯೇಕ ಅನುಮತಿಯೇ ಬೇಕು. ಆದರೆ ಪಾಡ್ ದಾರಿಯನ್ನು ಪಾತ್ರಗಳ ವ್ಯವಸ್ಥೆಯೊಂದೇ ಮುಚ್ಚಲಾರದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ನಮ್ಮ ತಂಡದವರು ಪ್ರಾಮಾಣಿಕರು, ಅವರ ಮೇಲೆ ಇಷ್ಟು ಅನುಮಾನ ಏಕೆ? ಇದು ಪ್ರಾಮಾಣಿಕತೆಯ ಪ್ರಶ್ನೆಯೇ ಆಗಿದ್ದರೆ ಆಕ್ಷೇಪ ಸರಿ. ಆದರೆ ಕ್ಲಸ್ಟರಿನಲ್ಲಿ ಅಧಿಕಾರ ಹೊತ್ತವರಲ್ಲಿ ಬಹುಪಾಲು ಮನುಷ್ಯರಲ್ಲ. ಪ್ರತಿ ಪಾಡ್ ಸರ್ವಿಸ್ ಅಕೌಂಟ್ ಎಂಬ ಗುರುತಿನಡಿ ಓಡುತ್ತದೆ. ಆ ಗುರುತಿನ ಟೋಕನ್ ಸಾಮಾನ್ಯವಾಗಿ ಪಾಡಿನೊಳಗೇ ಇರುತ್ತದೆ. ವೆಬ್ ಪುಟ ತೋರಿಸುವ ಸಣ್ಣ ಪ್ರೋಗ್ರಾಮಿನಲ್ಲಿ ದೋಷವೊಂದು ಸಿಕ್ಕಿ ಕಳ್ಳ ಒಳಹೊಕ್ಕರೆ, ಟೋಕನಿಗೆ ಕೊಟ್ಟಷ್ಟೂ ಅಧಿಕಾರ ಅವನದು. ಪ್ರೋಗ್ರಾಮು ಬರೆದವರ ಸಜ್ಜನಿಕೆ ಆ ಕ್ಷಣದಲ್ಲಿ ಏನನ್ನೂ ತಡೆಯದು. ಹಿಂದೆ ಈ ಟೋಕನುಗಳಿಗೆ ಗಡುವೇ ಇರಲಿಲ್ಲ. ಈಗ ಗಡುವುಳ್ಳ, ಪಾಡ್ ಅಳಿದರೆ ತಾವೂ ಅಸಿಂಧುವಾಗುವ ಟೋಕನುಗಳು ಬಂದಿವೆ. 2022ರ 1.24ನೇ ಆವೃತ್ತಿಯಿಂದ ಗಡುವಿಲ್ಲದ ಟೋಕನ್ ತಾನಾಗಿ ತಯಾರಾಗುವುದೂ ನಿಂತಿದೆ. 2023ರಲ್ಲಿ ಆಕ್ವಾ ಸೆಕ್ಯುರಿಟಿ ಸಂಸ್ಥೆಯ ಸಂಶೋಧಕರು ವಿವರಿಸಿದ ದಾಳಿಯಲ್ಲಿ ಕಳ್ಳರು ಅನಾಮಿಕರಿಗೂ ಅಧಿಕಾರ ಕೊಟ್ಟಿದ್ದ ಎಪಿಐ ಸರ್ವರಿನಿಂದ ನುಗ್ಗಿ, ತಮ್ಮ ನೆಲೆ ಉಳಿಸಿಕೊಳ್ಳಲು ಮಾಡಿದ್ದೇನು? ನಿರ್ವಾಹಕರಷ್ಟೇ ಬಲವುಳ್ಳ ಕ್ಲಸ್ಟರ್‌ರೋಲ್ ಒಂದನ್ನು ಬರೆದು, ಕ್ಲಸ್ಟರಿನದೇ ಒಂದು ಭಾಗವೆಂಬಂತೆ ತೋರುವ ಹೆಸರಿನ ಸರ್ವಿಸ್ ಅಕೌಂಟಿಗೆ ಅದನ್ನು ಗಂಟು ಹಾಕಿದರು. ತೆರೆದ ಬಾಗಿಲನ್ನು ಮುಂದೆ ಯಾರಾದರೂ ಮುಚ್ಚಿದರೂ ತಮ್ಮ ದಾರಿ ಉಳಿಯಲೆಂಬ ಲೆಕ್ಕ ಅದು. ಅಂದರೆ ಪಾತ್ರಗಳ ಪಟ್ಟಿಯನ್ನು ನಾವು ಓದದಿದ್ದರೂ ಕಳ್ಳರು ಓದುತ್ತಾರೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಇಷ್ಟು ಸೂಕ್ಷ್ಮವಾಗಿ ಅಳೆದು ಕೊಡುತ್ತ ಕುಳಿತರೆ ಕೆಲಸ ನಿಲ್ಲುತ್ತದೆ, ನಡುರಾತ್ರಿ ಸೇವೆ ಕುಸಿದಾಗ ಅನುಮತಿ ಕೇಳುತ್ತ ಅಲೆಯಲಾದೀತೇ? ಈ ತೊಂದರೆ ನಿಜ. ಅತಿ ಬಿಗಿ ಮಾಡಿದ ಕಡೆ ಜನ ಬೇಸತ್ತು, ಒಂದು ಸಮಸ್ಯೆ ಬಿಡಿಸಲು ಕ್ಲಸ್ಟರ್‌ಅಡ್ಮಿನ್ ಎಂಬ ಸರ್ವಾಧಿಕಾರದ ಪಾತ್ರವನ್ನೇ ಕೊಟ್ಟು, ಅದನ್ನು ಹಿಂಪಡೆಯಲು ಮರೆಯುತ್ತಾರೆ. ಆದರೆ ಪರಿಹಾರ ಧಾರಾಳದಲ್ಲಿಲ್ಲ. ಪಾತ್ರಗಳನ್ನು ವ್ಯಕ್ತಿಗಳ ಬದಲು ಗುಂಪುಗಳಿಗೆ ಕಟ್ಟಿದರೆ ಯಾರೋ ಸೇರಿದಾಗ, ಬಿಟ್ಟಾಗ ಕ್ಲಸ್ಟರನ್ನು ಮುಟ್ಟುವ ಪ್ರಸಂಗವೇ ಬಾರದು. ತುರ್ತಿನ ಹೆಚ್ಚಿನ ಅಧಿಕಾರಕ್ಕೆ ಗಂಟೆಗಳ ಗಡುವು ಹಾಕಿ, ಬಳಸಿದ್ದನ್ನು ದಾಖಲೆ ಪುಸ್ತಕದಲ್ಲಿ ಉಳಿಸಬಹುದು. ಯಾರು ಏನು ಕೇಳಿದರು ಎಂಬುದನ್ನು ಬರೆದಿಡುವ ವ್ಯವಸ್ಥೆ ಎಪಿಐ ಸರ್ವರಿನಲ್ಲೇ ಇದೆ. ಒಂದು ಪ್ರೋಗ್ರಾಮು ನಿಜವಾಗಿ ಬಳಸಿದ ಅನುಮತಿಗಳು ಯಾವುವು ಎಂಬುದೂ ಆ ದಾಖಲೆಯಿಂದ ತಿಳಿಯುತ್ತದೆ. ಬಳಸದ್ದನ್ನು ಕಿತ್ತುಹಾಕಲು ಊಹೆ ಬೇಕಿಲ್ಲ. ಎಪಿಐ ಸರ್ವರನ್ನು ಕರೆಯುವ ಅಗತ್ಯವೇ ಇಲ್ಲದ ಪಾಡುಗಳಿಗೆ ಟೋಕನ್ ಜೋಡಿಸದಂತೆ ಒಂದೇ ಸಾಲಿನಲ್ಲಿ ಹೇಳಬಹುದು. ಇವುಗಳಲ್ಲಿ ಯಾವುದೂ ದಿನದ ಕೆಲಸಕ್ಕೆ ಅಡ್ಡ ಬರುವುದಿಲ್ಲ.

ಮೂರನೆಯ ಮಾತು: ಇಷ್ಟೆಲ್ಲ ಮಾಡಿದರೂ ಪಾತ್ರಗಳು ಎಲ್ಲವನ್ನೂ ತಡೆಯಲಾರವಲ್ಲ? ಹೌದು, ತಡೆಯಲಾರವು. 2018ರ ಡಿಸೆಂಬರಿನಲ್ಲಿ ಎಪಿಐ ಸರ್ವರಿನಲ್ಲೇ ಒಂದು ಗಂಭೀರ ದೋಷ ಬೆಳಕಿಗೆ ಬಂತು. ಹತ್ತರ ಮಾಪನದಲ್ಲಿ ಅದರ ತೀವ್ರತೆ 9.8. ಅದರಿಂದ ಕಡಿಮೆ ಅಧಿಕಾರದವರೂ ಮೇಲೇರಬಹುದಿತ್ತು. ಜೊತೆಗೆ, ಪಾತ್ರಗಳ ವ್ಯವಸ್ಥೆ ನೋಡುವುದು ‘ಪಾಡ್ ಸೃಷ್ಟಿಸಬಹುದೇ’ ಎಂಬುದನ್ನು ಮಾತ್ರ. ‘ಎಂಥ ಪಾಡ್’ ಎಂಬುದನ್ನು ನೋಡುವುದು ಮೂರನೆಯ ತಪಾಸಣೆಯ ಹೊಣೆ. ಹಾಗಾಗಿ ಎರಡೂ ಬೇಕು, ಸಕಾಲದಲ್ಲಿ ಆವೃತ್ತಿ ನವೀಕರಿಸುವುದೂ ಬೇಕು. ಆದರೆ ಇದು ಪಾತ್ರಗಳನ್ನು ಸಡಿಲ ಬಿಡಲು ಕಾರಣವಾಗದು. ಬೇರೆ ಯಾವ ಕಾವಲು ಸೋತರೂ ಮುಂದೆ ನಡೆಯುವ ಹಾನಿ ಎಷ್ಟು ದೊಡ್ಡದು ಎಂಬುದನ್ನು ಬಹುಪಾಲು ಸಂದರ್ಭಗಳಲ್ಲಿ ತೀರ್ಮಾನಿಸುವುದು ಆ ಹೊತ್ತಿಗೆ ಯಾರ ಬಳಿ ಎಷ್ಟು ಅನುಮತಿ ಇತ್ತು ಎಂಬುದೇ.

ಕ್ಲಸ್ಟರುಗಳು ಇಂದು ಬೆಂಗಳೂರಿನ ತಂತ್ರಜ್ಞರ ಒಳಮನೆಯ ವಿಷಯವಾಗಿ ಉಳಿದಿಲ್ಲ. ನಾವು ಹಣ ಕಳಿಸುವ, ಟಿಕೆಟ್ ಕಾಯ್ದಿರಿಸುವ, ವೈದ್ಯರ ವರದಿ ತರಿಸಿಕೊಳ್ಳುವ ಎಷ್ಟೋ ಸೇವೆಗಳು ಇಂಥ ವ್ಯವಸ್ಥೆಗಳ ಮೇಲೆ ನಿಂತಿವೆ. ಅಲ್ಲಿ ಬರೆದ ಒಂದು ಧಾರಾಳದ ಸಾಲಿನ ಬೆಲೆ ತೆರುವವರು ಅದನ್ನು ಬರೆದವರಲ್ಲ, ಆ ಕಡತದ ಹೆಸರನ್ನೂ ಕೇಳಿರದ ಗ್ರಾಹಕರು ಮತ್ತು ರೋಗಿಗಳು. ಆದ್ದರಿಂದ ಪ್ರತಿ ಬೈಂಡಿಂಗಿಗೂ ಹೊಣೆ ಹೊತ್ತವರೊಬ್ಬರ ಹೆಸರು, ಅದು ಏಕೆ ಬೇಕೆಂಬ ಒಂದು ಕಾರಣ, ಮತ್ತೆ ಪರಿಶೀಲಿಸುವ ಒಂದು ದಿನಾಂಕ ಇರಬೇಕು. ಕಾರಣ ಹೇಳಲಾಗದ ಅನುಮತಿಯನ್ನು ತೆಗೆದುಹಾಕಬೇಕು. ನಿಜವಾಗಿ ಬೇಕಿದ್ದರೆ ಅದನ್ನು ಕೇಳಿ ಪಡೆಯುವವರು ಬಂದೇ ಬರುತ್ತಾರೆ, ಆಗ ಎಷ್ಟು ಬೇಕೋ ಅಷ್ಟನ್ನೇ ಅಳೆದು ಕೊಡಬಹುದು.