ಮುಂಬಯಿ ಪ್ರಾಂತದ ಉದಾರಪಕ್ಷ: ತತ್ತ್ವವೂ ಸಮ್ಮತಿಯೂ

ಮರಾಠಿಯಲ್ಲಿ ‘ಜಹಾಲ’, ‘ಮವಾಳ’ ಎಂದೂ, ಕನ್ನಡದಲ್ಲಿ ‘ತೀವ್ರಗಾಮಿ’, ‘ಮಂದಗಾಮಿ’ ಎಂದೂ ವ್ಯವಹರಿಸಲ್ಪಡುವ ಎರಡು ರಾಜಕೀಯ ಪಕ್ಷಗಳ ಭೇದವನ್ನು ಈ ಹೆಸರುಗಳಿಂದಲೇ ನಿರ್ಣಯಿಸುವುದು ವಾಡಿಕೆ. ಮರಾಠಿಯ ಪದಗಳು ಸ್ವಭಾವದ ಕಾಠಿನ್ಯ ಮಾರ್ದವಗಳನ್ನೂ, ಕನ್ನಡದ ಪದಗಳು ನಡೆಯ ವೇಗವನ್ನೂ ಸೂಚಿಸುತ್ತವೆ. ಆದರೆ ಮುಂಬಯಿ ಪ್ರಾಂತದ ಉದಾರಪಕ್ಷದ ಚರಿತ್ರೆಯನ್ನು ಪರಿಶೀಲಿಸಿದರೆ ಇವೆರಡಕ್ಕಿಂತ ಮುಖ್ಯವಾದ ಬೇರೊಂದು ಪ್ರಶ್ನೆ ಎದುರಾಗುತ್ತದೆ: ಜನರ ಪರವಾಗಿ ಮಾತನಾಡುವ ಅಧಿಕಾರವು ಯಾವುದರಿಂದ ಬರತಕ್ಕದ್ದು?

ಈ ಶಾಖೆಯ ಮೂಲವನ್ನು ಪುಣೆಯಲ್ಲಿ ಅರಸಬೇಕು. ೧೮೭೦ರಲ್ಲಿ ಸ್ಥಾಪಿತವಾದ ಪುಣೆಯ ಸಾರ್ವಜನಿಕ ಸಭೆಯಲ್ಲಿ ಸದಸ್ಯನಾಗಬಯಸುವವನು ಕಡಮೆಯೆಂದರೆ ೫೦ ಮಂದಿಯ ಸಹಿಯುಳ್ಳ ಮುಖತ್ಯಾರಪತ್ರವನ್ನು ತರಬೇಕಾಗಿದ್ದಿತು. ಪಾಂಡಿತ್ಯವೊಂದೇ ಸಾಲದು, ಜನರ ಸಮ್ಮತಿಯೂ ಬೇಕೆಂಬುದು ಈ ನಿಬಂಧನೆಯ ತಾತ್ಪರ್ಯ. ಮಹಾದೇವ ಗೋವಿಂದ ರಾನಡೆಯವರು ಈ ಸಭೆಗೆ ದೀರ್ಘಕಾಲ ಮಾರ್ಗದರ್ಶಕರಾಗಿದ್ದರು. ೧೮೯೫ರಲ್ಲಿ ಬಾಲಗಂಗಾಧರ ತಿಲಕರ ಪಕ್ಷದವರು ಬಹುಮತದಿಂದ ಅದರ ಆಡಳಿತವನ್ನು ಪಡೆದುಕೊಂಡರು. ಆಗ ರಾನಡೆ, ಗೋಪಾಲಕೃಷ್ಣ ಗೋಖಲೆ ಮೊದಲಾದವರು ಹೊರಬಂದು ೧೮೯೬ರಲ್ಲಿ ಡೆಕ್ಕನ್ ಸಭೆಯನ್ನು ಸ್ಥಾಪಿಸಿದರು. ಔದಾರ್ಯ, ಮಿತತ್ವ ಎಂಬೆರಡನ್ನು ರಾನಡೆಯವರು ಅದರ ಮೂಲತತ್ತ್ವಗಳೆಂದು ಸಾರಿದರು. ಜಾತಿಮತಗಳ ಪಕ್ಷಪಾತವಿಲ್ಲದಿರುವುದು ಮೊದಲನೆಯದು. ಎಟುಕದ ಆದರ್ಶಕ್ಕೆ ಹಾರೈಸದೆ ಮುಂದಿನ ಹೆಜ್ಜೆಯನ್ನಿಡುವುದು ಎರಡನೆಯದು. ಮರುವರ್ಷವೇ ಗೋಖಲೆಯವರು ಈ ಸಭೆಯ ಪರವಾಗಿ ಲಂಡನ್ನಿನಲ್ಲಿ ವೆಲ್ಬಿ ಆಯೋಗದ ಮುಂದೆ ಭಾರತದ ಆಯವ್ಯಯವನ್ನು ಕುರಿತು ಸಾಕ್ಷ್ಯ ನುಡಿದರು. ಅಂಕಿಸಂಖ್ಯೆಗಳಿಂದ ಸರಕಾರವನ್ನು ಪ್ರಶ್ನಿಸುವ ಈ ಕ್ರಮವೇ ಪಕ್ಷದ ನಿಜವಾದ ಬಲವಾಗಿದ್ದಿತು.

೧೯೧೮ರಲ್ಲಿ ಮಾಂಟೆಗ್ಯೂ-ಚೆಮ್ಸ್‌ಫರ್ಡ್ ಸುಧಾರಣೆಗಳ ವರದಿ ಪ್ರಕಟವಾದಾಗ ಪುಣೆಯಲ್ಲಿ ನಡೆದುದೇ ದೇಶದ ಮಟ್ಟದಲ್ಲಿ ಪುನರಾವೃತ್ತವಾಯಿತು. ಕಾಂಗ್ರೆಸ್ಸಿನಲ್ಲಿ ಅಲ್ಪಸಂಖ್ಯಾತರಾಗಿದ್ದ ಮಂದಗಾಮಿಗಳು ಅದರ ವಿಶೇಷಾಧಿವೇಶನದಿಂದ ದೂರವುಳಿದು, ನವೆಂಬರಿನಲ್ಲಿ ಮುಂಬಯಿಯಲ್ಲಿ ಸುರೇಂದ್ರನಾಥ ಬ್ಯಾನರ್ಜಿಯವರ ಅಧ್ಯಕ್ಷತೆಯಲ್ಲಿ ಪ್ರತ್ಯೇಕ ಸಮ್ಮೇಳನವನ್ನು ನೆರಯಿಸಿದರು. ರಾಷ್ಟ್ರೀಯ ಉದಾರ ಒಕ್ಕೂಟವು ಹುಟ್ಟಿದುದು ಇದರಿಂದಲೇ. ೧೯೧೯ರಲ್ಲಿ ಮುಂಬಯಿಯಲ್ಲಿ ಪಶ್ಚಿಮ ಭಾರತ ರಾಷ್ಟ್ರೀಯ ಉದಾರ ಸಂಘವು ಏರ್ಪಟ್ಟಿತು; ಪುಣೆಯ ಉದಾರವಾದಿಗಳಿಗೆ ಡೆಕ್ಕನ್ ಸಭೆಯೇ ನೆಲೆಯಾಗಿದ್ದಿತು.

ಹೊಸ ಶಾಸನಸಭೆಗಳನ್ನು ಕಾಂಗ್ರೆಸ್ಸು ಬಹಿಷ್ಕರಿಸಿದ್ದರಿಂದ ಇವರಿಗೆ ಅಧಿಕಾರವು ಸುಲಭವಾಗಿ ಲಭಿಸಿತು. ಹೊನ್ನಾವರದಲ್ಲಿ ಜನಿಸಿದ ನಾರಾಯಣ ಗಣೇಶ ಚಂದಾವರಕರರು ೧೯೨೧ರಲ್ಲಿ ಮುಂಬಯಿ ಶಾಸನಸಭೆಯ ಅಧ್ಯಕ್ಷರಾದರು. ಚಿಮಣಲಾಲ ಸೆಟಲವಾಡರು ಗವರ್ನರರ ಕಾರ್ಯಕಾರಿ ಮಂಡಲವನ್ನು ಸೇರಿದರು. ರಘುನಾಥ ಪುರುಷೋತ್ತಮ ಪರಾಂಜಪೆಯವರು ವಿದ್ಯಾಮಂತ್ರಿಗಳಾದರು. ಪರಾಂಜಪೆಯವರ ಕಾಲದಲ್ಲಿ ಅಂಗೀಕೃತವಾದ ೧೯೨೩ರ ಪ್ರಾಥಮಿಕ ಶಿಕ್ಷಣ ಶಾಸನವು ಶಾಲೆಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಆಗ ಅದೇ ಪ್ರಾಂತಕ್ಕೆ ಸೇರಿದ್ದುದರಿಂದ ಕನ್ನಡ ಶಾಲೆಗಳ ಚರಿತ್ರೆಯಲ್ಲಿಯೂ ಈ ಶಾಸನಕ್ಕೆ ಸ್ಥಾನವುಂಟು.

ಆದರೆ ಅದೇ ವರ್ಷದ ಚುನಾವಣೆಯಲ್ಲಿ ಸ್ವರಾಜ್ಯಪಕ್ಷದವರು ಸ್ಪರ್ಧಿಸಿದಾಗ ಉದಾರಪಕ್ಷವು ದೇಶದಲ್ಲೆಲ್ಲ ಹಿಂದೆಬಿದ್ದಿತು. ಬಂಗಾಳದಲ್ಲಿ ಸುರೇಂದ್ರನಾಥರೇ ಪರಾಜಿತರಾದರು. ಭಾಷೆಯ ವಿಷಯದಲ್ಲಿಯೂ ಇವರ ಮಾರ್ಗವು ಭಿನ್ನವಾಗಿದ್ದಿತು. ೧೯೨೦ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಗಳಿಗನುಸಾರವಾಗಿ ತನ್ನ ಪ್ರಾಂತಗಳನ್ನು ವಿಭಾಗಿಸಿದುದರಿಂದ ಕರ್ನಾಟಕಕ್ಕೆ ಪ್ರತ್ಯೇಕ ಸಮಿತಿ ದೊರೆಯಿತು. ಉದಾರ ಸಂಘವಾದರೋ ‘ಪಶ್ಚಿಮ ಭಾರತ’ವೆಂಬ ಹೆಸರಿನಲ್ಲಿಯೇ ಉಳಿಯಿತು. ೧೯೨೩ರ ಡಿಸೆಂಬರಿನಲ್ಲಿ ಉದಾರ ಒಕ್ಕೂಟವು ಪುಣೆಯಲ್ಲಿ ಸೇರಿತು. ಮರುವರ್ಷ ಕಾಂಗ್ರೆಸ್ಸು ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕೂಡಿತು. ಕನ್ನಡ ಜನತೆಯ ಒಲವು ಯಾವ ಕಡೆಗಿದ್ದಿತೆಂಬುದನ್ನು ಹೇಳಬೇಕಾಗಿಲ್ಲ.

ಇವರನ್ನು ಸರಕಾರದ ಅನುಚರರೆಂದು ಬಗೆಯುವುದು ನ್ಯಾಯವಲ್ಲ. ಭಾರತೀಯರೊಬ್ಬರೂ ಇಲ್ಲದ ಸೈಮನ್ ಆಯೋಗವನ್ನು ಬಹಿಷ್ಕರಿಸಿದವರಲ್ಲಿ ಇವರೂ ಸೇರಿದ್ದರು. ಇವರ ಕೊರತೆಯು ಧೈರ್ಯದ್ದಲ್ಲ. ೧೮೯೫ರಲ್ಲಿಯೂ ೧೯೧೮ರಲ್ಲಿಯೂ ಬಹುಮತವು ಪ್ರತಿಕೂಲವಾದಾಗ ಇವರು ಅದನ್ನು ಮರಳಿ ಗೆಲ್ಲಲು ನಿಲ್ಲದೆ, ತತ್ತ್ವವನ್ನು ಕಾಪಾಡಿಕೊಂಡು ಬೇರೆ ಸಭೆಯನ್ನು ಕಟ್ಟಿದರು. ತತ್ತ್ವವು ಉಳಿಯಿತು, ಸಮ್ಮತಿಯು ಹಳೆಯ ಸಭೆಯಲ್ಲಿಯೇ ಉಳಿಯಿತು. ಸಾರ್ವಜನಿಕ ಸಭೆಯು ಸದಸ್ಯರಿಂದ ಕೇಳಿದ ೫೦ ಸಹಿಗಳ ಅರ್ಥವು ಇದರಿಂದ ಸ್ಪಷ್ಟವಾಗುತ್ತದೆ.